ಕೇಳಿ, ಹೇಳುತ್ತೇವೆ: ಸಿಗದ ಬಟನ್, ಕಾಣದ ಅಕ್ಷರ

ಪ್ರಶ್ನೆ: ನಮ್ಮದು ಆಲೆಮನೆ ಬೆಲ್ಲ ಮಾರುವ ವೆಬ್‌ಸೈಟ್. ಕಣ್ಣು ಕಾಣದ ಗ್ರಾಹಕರೊಬ್ಬರು ಫೋನ್ ಮಾಡಿ, ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ನಮ್ಮ ಕನ್ನಡವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ, ‘ಕೊಳ್ಳಿ’ ಬಟನ್ ಸಿಗುವುದೇ ಇಲ್ಲ ಎಂದರು. ಪರದೆಯಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಯಾವುದೋ ಪ್ಲಗಿನ್ ಹಾಕಿದರೆ ಸಾಕಂತೆ, ಹೌದೇ?
– ಓದುಗರು, ಮಂಡ್ಯ

ಉತ್ತರ: ಪ್ಲಗಿನ್‌ಗೆ ದುಡ್ಡು ಸುರಿಯಬೇಡಿ. ಒಳಗಿನ ಕೋಡ್ ಕೆಟ್ಟಿದ್ದರೆ ಅದು ಮೇಲೆ ಬಳಿದ ಸುಣ್ಣವಷ್ಟೆ. ಎಷ್ಟೋ ಸಲ ಗ್ರಾಹಕರ ಸ್ಕ್ರೀನ್ ರೀಡರ್‌ಗೇ ಅಡ್ಡ ಬರುತ್ತದೆ.

ನಿಮ್ಮ ಪಠ್ಯ ಎಲ್ಲ ಭಾಷೆಗಳ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿದೆ ಎಂಬುದು ಲಕ್ಷಣದಿಂದಲೇ ಗೊತ್ತಾಗುತ್ತದೆ. ಹಳೆಯ ನುಡಿಯಲ್ಲಿ ‘ಕ’ ಎಂದು ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡ ‘ಪಿ’, ಪಕ್ಕದಲ್ಲಿ ನೆತ್ತಿಗೆ ಗೀಟಿರುವ ‘ಎ’. ಫಾಂಟ್ ಕಣ್ಣಿಗೆ ವೇಷ ಹಾಕಿ ತೋರಿಸುತ್ತದೆ, ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ. ನಡುವೆ ಬರುವ ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ತೆಗೆದಿಡಿ, ಇಲ್ಲವಾದರೆ ಅವೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಆಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಿ, ಎಡವಟ್ಟಾಗುವುದು ಅಲ್ಲೇ. ಪುಟದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಪುಟದ ಭಾಷೆ ಯಾವುದೆಂದು ಹೇಳುವ ‘ಲ್ಯಾಂಗ್’ ಅನ್ನು ‘ಕೆಎನ್’ (ಕನ್ನಡ) ಮಾಡಿ. ಅದು ‘ಇಎನ್’ ಎಂದೇ ಉಳಿದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಟು ಮುಗ್ಗರಿಸುತ್ತದೆ.

ಬಟನ್ ಸಿಗದಿರುವುದಕ್ಕೆ ಸಾಮಾನ್ಯ ಕಾರಣ, ‘ಡಿವ್’ (ಬರೀ ಚೌಕಟ್ಟಿನ ಟ್ಯಾಗ್) ಒಂದಕ್ಕೆ ಬಣ್ಣ ಹಚ್ಚಿ ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ನಡೆಯುವ ಕೋಡ್) ಸಿಕ್ಕಿಸಿರುವುದು. ಟ್ಯಾಬ್ ಕೀ ಅಲ್ಲಿ ನಿಲ್ಲುವುದಿಲ್ಲ, ಎಂಟರ್ ಒತ್ತಿದರೂ ಏನೂ ಆಗುವುದಿಲ್ಲ. ನಿಜವಾದ ‘ಬಟನ್’ ಟ್ಯಾಗ್ ಬಳಸಿದರೆ ಇವೆರಡೂ ಪುಕ್ಕಟೆ. ಬುಟ್ಟಿಯ ಚಿತ್ರವಷ್ಟೇ ಇರುವ ಬಟನ್‌ಗೆ ‘ಬುಟ್ಟಿ ನೋಡಿ’ ಎಂದು ಆರಿಯಾ-ಲೇಬಲ್ (ಕಣ್ಣಿಗೆ ಕಾಣದೆ ಸ್ಕ್ರೀನ್ ರೀಡರ್ ಓದುವ ಹೆಸರು) ಕೊಡಿ. ಪ್ಲಸ್ ಒತ್ತಿ 1 ಕೆಜಿ 2 ಆದಾಗ ಆ ಬದಲಾವಣೆ ಕೇಳಿಸಬೇಕಲ್ಲ, ಅದಕ್ಕೆ ಆ ಜಾಗಕ್ಕೆ ಆರಿಯಾ-ಲೈವ್ ‘ಪೊಲೈಟ್’ (ಓದುತ್ತಿರುವುದು ಮುಗಿದ ಮೇಲೆ ಬದಲಾವಣೆ ಹೇಳು ಎಂಬ ಸೂಚನೆ) ಇರಲಿ. ಚಿತ್ರದ ಆಲ್ಟ್‌ನಲ್ಲಿ (ಚಿತ್ರದ ಬದಲು ಓದುವ ವಿವರಣೆ) ‘ಅಚ್ಚು ಬೆಲ್ಲ, 1 ಕೆಜಿ ಪ್ಯಾಕ್’ ಎಂದಿದ್ದರೆ ಸಾಕು. ಬರೀ ಅಲಂಕಾರದ ಚಿತ್ರಕ್ಕೆ ಆಲ್ಟ್ ಖಾಲಿ ಬಿಡಿ, ಆದರೆ ಕಿತ್ತುಹಾಕಬೇಡಿ. ಕಿತ್ತರೆ ಫೈಲ್ ಹೆಸರನ್ನೇ ಓದಿಬಿಡಬಹುದು. ವಿಳಾಸದ ಫಾರ್ಮ್‌ನಲ್ಲಿ ಪ್ಲೇಸ್‌ಹೋಲ್ಡರ್ (ಖಾನೆಯೊಳಗಿನ ಮಸುಕು ಸುಳಿವು) ನೆಚ್ಚಿಕೊಳ್ಳದೆ ಪ್ರತಿ ಖಾನೆಗೂ ಲೇಬಲ್ ಕಟ್ಟಿ.

ಪರೀಕ್ಷೆಗೆ ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಮೌಸ್ ಪಕ್ಕಕ್ಕಿಟ್ಟು, ಪರದೆ ಆಫ್ ಮಾಡಿ, ಟ್ಯಾಬ್ ಒತ್ತುತ್ತ ಒಂದು ಕೆಜಿ ಬೆಲ್ಲ ಕೊಳ್ಳಲು ನೋಡಿ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಲಿಂಕ್, ಶೀರ್ಷಿಕೆ, ಬಟನ್‌ಗಳ ಪಟ್ಟಿ ಬರುತ್ತದೆ; ಹೆಸರಿಲ್ಲದ ಬಟನ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ: ಬಿಳಿ ಹಿನ್ನೆಲೆಗೆ ತಿಳಿ ಬೂದು ಅಕ್ಷರ ಚೆಂದ ಎನ್ನುತ್ತಾರೆ ನಮ್ಮ ಡಿಸೈನರ್. ವಯಸ್ಸಾದವರಿಗೆ ಓದಲಾಗುತ್ತಿಲ್ಲ. ಎಷ್ಟು ಗಾಢ ಇರಬೇಕು?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ವೆಬ್ ಎಲ್ಲರಿಗೂ ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿಯ ಎಎ ಮಟ್ಟದಂತೆ ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡ ಅಕ್ಷರಕ್ಕೆ 3:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ) ಬೇಕು. ಬಿಳಿಯ ಮೇಲೆ 767676 ಸಂಖ್ಯೆಯ ಬೂದು ಪಾಸು, 777777 ಕೂದಲೆಳೆಯಲ್ಲಿ ಫೇಲು. ಕನ್ನಡದ ಒತ್ತುಗಳು ಸಣ್ಣವು, ಹಾಗಾಗಿ ಇನ್ನಷ್ಟು ಗಾಢವೇ ಇರಲಿ ಎಂಬುದು ನಮ್ಮ ಸಲಹೆ. ಪುಟವನ್ನು ಮೊಬೈಲ್ ಪರದೆಗೆ ಹೊಂದಿಸುವ ವ್ಯೂಪೋರ್ಟ್ ಟ್ಯಾಗ್‌ನಲ್ಲಿ ‘ಯೂಸರ್-ಸ್ಕೇಲಬಲ್ ನೋ’ ಎಂದಿದ್ದರೆ ಇವತ್ತೇ ತೆಗೆಸಿ. ಹಲವು ಮೊಬೈಲ್‌ಗಳಲ್ಲಿ ಬೆರಳಿನಿಂದ ಹಿಗ್ಗಿಸಲು ಅದು ತಡೆ.