ನೂಲು ಬಿಚ್ಚುವ ಯಂತ್ರ ಬಂದರೆ ಅಮ್ಮನ ಕೆಲಸ ಉಳಿಯುತ್ತದೆಯೇ?

ಪ್ರಶ್ನೆ: ನನ್ನ ತಾಯಿ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ಕಾಟೇಜ್ ಬೇಸಿನ್ (ಬಿಸಿನೀರಿನ ತೊಟ್ಟಿಯಿಂದ ಕೈಚಳಕದಲ್ಲಿ ನೂಲು ತೆಗೆಯುವ ಸಾಧನ) ಮುಂದೆ ದುಡಿಯುತ್ತಾರೆ. ಮಾಲೀಕರು ಈಗ ಸ್ವಯಂಚಾಲಿತ ಯಂತ್ರ ತರಿಸುವ ಯೋಚನೆಯಲ್ಲಿದ್ದಾರೆ. ಹೊಸ ತಂತ್ರಜ್ಞಾನದಿಂದ ಉದ್ಯೋಗ ಹೆಚ್ಚುತ್ತದೆ ಎನ್ನುತ್ತಾರೆ. ಅದು ನಿಜವೇ?

ಉತ್ತರ: ಒಟ್ಟು ಉದ್ಯಮದ ಮಟ್ಟಿಗೆ ನಿಜವಾಗಬಹುದು, ನಿಮ್ಮ ತಾಯಿಯವರ ಮಟ್ಟಿಗೆ ಅದು ತಾನಾಗಿಯೇ ನಿಜವಾಗುವುದಿಲ್ಲ.

ಬೇಸಿನ್ನಿನ ಬಿಸಿನೀರಿಗೆ ಬೆರಳಿಟ್ಟು ರೇಷ್ಮೆ ಗೂಡಿನ ಎಳೆ ಹಿಡಿಯುವುದು, ಒಂದು ಗೂಡು ಮುಗಿದೊಡನೆ ಇನ್ನೊಂದರ ಎಳೆ ಸೇರಿಸುವುದು, ನೂಲಿನ ದಪ್ಪ ಏರುಪೇರಾಗದಂತೆ ಕಣ್ಣಂದಾಜಿನಲ್ಲೇ ಕಾಯುವುದು, ಇವೆಲ್ಲ ಕೆಲಸಗಾರ್ತಿಯ ಕೈಚಳಕ. ಒಮ್ಮೆಗೆ 400 ನೂಲೆಳೆ ಸುತ್ತುವ ಸ್ವಯಂಚಾಲಿತ ಘಟಕದಲ್ಲಿ ನೂಲು ತೆಳುವಾದದ್ದನ್ನು ಯಂತ್ರವೇ ಗ್ರಹಿಸಿ ಹೊಸ ಗೂಡನ್ನು ಸೇರಿಸುತ್ತದೆ. ಕಡಿದ ನೂಲಿಗೆ ಗಂಟು ಹಾಕುವಂಥ ಕೆಲಸಗಳಿಗೆ ಮಾತ್ರ ಜನ ಬೇಕಾಗುವುದರಿಂದ, ಕಿಲೋ ನೂಲಿಗೆ ಬೇಕಾಗುವ ಕೈಗಳು ಖಂಡಿತ ಕಡಿಮೆಯಾಗುತ್ತವೆ.

ಆದರೆ ಒಳ್ಳೆಯ ದ್ವಿತಳಿ ಗೂಡು (ಉತ್ತಮ ಎಳೆ ಕೊಡುವ ಬೈವೋಲ್ಟೈನ್ ಹುಳುವಿನ ಗೂಡು) ಸಿಕ್ಕರೆ ಈ ಯಂತ್ರದ ನೂಲು 3ಎ, 4ಎ ಎಂಬ ಅಂತರರಾಷ್ಟ್ರೀಯ ಮೇಲ್ದರ್ಜೆಯನ್ನು ಮುಟ್ಟುತ್ತದೆ. ಹಾಸು ಎಳೆಗೆ (ಮಗ್ಗದಲ್ಲಿ ಉದ್ದಕ್ಕೆ ಬರುವ ಎಳೆಗೆ) ಚೀನಾದ ನೂಲನ್ನೇ ನೆಚ್ಚಿಕೊಂಡಿರುವ ನೇಕಾರರು ನಮ್ಮ ನೂಲಿನತ್ತ ತಿರುಗಿದಷ್ಟೂ ಹಿಪ್ಪುನೇರಳೆ ತೋಟ, ಚಾಕಿ (ಎಳೆಯ ರೇಷ್ಮೆ ಹುಳು) ಸಾಕಾಣಿಕೆ ಕೇಂದ್ರ, ನೂಲು ಹುರಿ ಮಾಡುವ ಘಟಕಗಳಲ್ಲಿ ಕೆಲಸ ಹೆಚ್ಚುತ್ತದೆ. ಆ ಕೆಲಸ ಹುಟ್ಟುವುದು ಬೇರೆ ಊರಿನಲ್ಲಿ, ಸಿಗುವುದು ಬೇರೆಯವರಿಗೆ. ಒಟ್ಟು ಲೆಕ್ಕ ತೋರಿಸಿ ಬೇಸಿನ್ ಮುಂದೆ ಕೂತವರನ್ನು ಸಮಾಧಾನಪಡಿಸುವುದು ಅನ್ಯಾಯ. ಯಂತ್ರಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ. ಇರುವ ಕೆಲಸಗಾರರಿಗೆ ತರಬೇತಿ ಕೊಡಬೇಕೆಂಬ ಷರತ್ತನ್ನೂ ಅದರೊಂದಿಗೆ ಕಟ್ಟುನಿಟ್ಟಾಗಿ ಸೇರಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ನಿಮ್ಮ ತಾಯಿಯವರು ಮಾಲೀಕರಿಂದ ಮುಂಗಡ ಪಡೆದಿದ್ದರೆ, ಎಷ್ಟು ತೀರಿದೆ, ಎಷ್ಟು ಬಾಕಿಯಿದೆ ಎಂಬುದನ್ನು ಈಗಲೇ ಬರೆಸಿಕೊಳ್ಳಿ. ಕೆಲಸ ಹೋದ ಮೇಲೂ ಸಾಲ ಬೆನ್ನಿಗಿರುವುದು ಈ ಕಸುಬಿನ ಹಳೆಯ ಸಂಕಟ. ಗೂಡಿನ ಗುಣ, ನೂಲಿನ ದೋಷ ಬಲ್ಲ ಕಣ್ಣು ಯಂತ್ರದ ಬಳಿಯೂ ಬೇಕಾಗುತ್ತದೆ. ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ನೂಲು ಬಿಚ್ಚಾಣಿಕೆಯಲ್ಲಿ ತರಬೇತಿ ನೀಡುತ್ತದೆ. ಯಂತ್ರ ಬರುವ ಮೊದಲೇ ಅಲ್ಲಿಗೆ ಕಳಿಸುವಂತೆ ಕೆಲಸಗಾರರೆಲ್ಲ ಒಟ್ಟಾಗಿ ಮಾಲೀಕರನ್ನು ಕೇಳಿ. ಹೊಸ ಘಟಕದಲ್ಲಿ ಹತ್ತು ಅಥವಾ ಹೆಚ್ಚು ಜನ ದುಡಿಯುವುದಾದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿಯ ಬಗ್ಗೆಯೂ ಅದೇ ಮಾತುಕತೆಯಲ್ಲಿ ವಿಚಾರಿಸಿ.