ಬಣ, ಒಡಕು, ವಿಲೀನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಅರವತ್ತು ಸದಸ್ಯರ ಸಮಾಜವಾದಿ ಸಂಘಟನೆ. ಚುನಾವಣೆಯಲ್ಲಿ ದೊಡ್ಡ ಪಕ್ಷವೊಂದನ್ನು ಬೆಂಬಲಿಸುವ ವಿಷಯದಲ್ಲಿ ಎರಡು ಬಣಗಳಾಗಿವೆ. ಅಲ್ಪಮತದವರನ್ನು ಉಚ್ಚಾಟಿಸಿದರೆ ಕೆಲಸ ಸಲೀಸಾಗುತ್ತದೆ ಎನ್ನುತ್ತಾರೆ ಕೆಲವರು. ಸರಿಯೇ?

ಉತ್ತರ: ಖಂಡಿತ ಬೇಡ. ಇಪ್ಪತ್ತು ಜನರನ್ನು ಹೊರಹಾಕಿದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಜಗಳಕ್ಕೆ ಬೇಸತ್ತು ಯಾವ ಕಡೆಗೂ ಸೇರದೆ ಮನೆಯಲ್ಲಿ ಕೂರುವವರನ್ನೂ ಸೇರಿಸಿಕೊಳ್ಳಿ.

ಜಗಳ ನಿಲುವಿನದೋ ಹುದ್ದೆಯದೋ ಎಂದು ಮೊದಲು ಬಿಡಿಸಿ ನೋಡಿ. 1903ರಲ್ಲಿ ರಷ್ಯಾದ ಸೋಷಿಯಲ್ ಡೆಮಾಕ್ರಟರ ಎರಡನೇ ಅಧಿವೇಶನದಲ್ಲಿ, ಯಾರನ್ನು ಸದಸ್ಯ ಎನ್ನಬೇಕು ಎಂಬ ನಿಯಮದ ಮೇಲೆ ಲೆನಿನ್ ಮತ್ತು ಮಾರ್ತೊವ್ ಎದುರುಬದುರಾದರು. ಆ ಮತದಾನದಲ್ಲಿ ಗೆದ್ದದ್ದು ಮಾರ್ತೊವ್. ಅದರಿಂದ ಪಕ್ಷ ಒಡೆಯಲಿಲ್ಲ. ಪರಿಸ್ಥಿತಿ ಕೈಮೀರಿದ್ದು ಪಕ್ಷದ ಪತ್ರಿಕೆ 'ಇಸ್ಕ್ರಾ'ದ ಸಂಪಾದಕ ಮಂಡಳಿಯನ್ನು ಆರರಿಂದ ಮೂರಕ್ಕೆ ಇಳಿಸಿದಾಗ. ಹಾಗಾಗಿ ಠರಾವಿಗೂ ಸಮಿತಿಯ ಆಯ್ಕೆಗೂ ಬೇರೆಬೇರೆ ಮತದಾನ ಇಡಿ.

ಸಮ್ಮೇಳನಕ್ಕೆ ಎರಡು ತಿಂಗಳ ಮುಂಚೆಯೇ ಆಂತರಿಕ ಚರ್ಚಾಪತ್ರ ಹೊರಡಿಸಿ, ಎರಡೂ ಬಣಗಳಿಗೆ ಸಮಾನ ಪುಟ ಕೊಡಿ. ಪ್ರತಿ ಘಟಕದ ಸಭೆಯಲ್ಲೂ ಎರಡೂ ಕಡೆಯವರಿಗೆ ಅಷ್ಟೇ ಹೊತ್ತು ಮಾತಾಡಲು ಬಿಡಿ. ಪ್ರತಿನಿಧಿಗಳೂ ಸಮಿತಿಯ ಸ್ಥಾನಗಳೂ ಬಿದ್ದ ಮತಗಳ ಪ್ರಮಾಣದಲ್ಲೇ ಇರಲಿ. ತೀರ್ಮಾನವಾದ ಮೇಲೆ ಅಲ್ಪಮತದವರೂ ಅದರಂತೆ ಕೆಲಸ ಮಾಡಬೇಕು. ಮುಂದಿನ ಸಮ್ಮೇಳನದಲ್ಲಿ ವಿಷಯವನ್ನು ಮತ್ತೆ ಎತ್ತುವ ಹಕ್ಕು ಮಾತ್ರ ಅವರಿಗೆ ಉಳಿಯಬೇಕು. ಆ ಹಕ್ಕು ಕಿತ್ತುಕೊಂಡರೆ ಗುಟ್ಟಿನ ಸಭೆಗಳು ಶುರುವಾಗುತ್ತವೆ, ಹಿಂದೆಯೇ ಶಿಸ್ತುಕ್ರಮ, ಆಮೇಲೆ ಒಡಕು. 1921ರಲ್ಲಿ ರಷ್ಯಾದ ಕಮ್ಯುನಿಸ್ಟ್ ಪಕ್ಷ ಬಣಗಳನ್ನು ನಿಷೇಧಿಸಿತು. ಅಂತರ್ಯುದ್ಧದಿಂದ ನಲುಗಿದ್ದ ದೇಶವನ್ನು ಆಳುತ್ತಿದ್ದ ಪಕ್ಷ ಅದು. ಅರವತ್ತು ಜನರ ಸಂಘಟನೆಗೆ ಆ ನಿಯಮ ತಂದರೆ ಭಿನ್ನಮತ ಸಾಯುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ಪ್ರಶ್ನೆ: ಹಿಂದೆ ಒಡೆದು ಹೋದವರು ಈಗ ವಿಲೀನಕ್ಕೆ ಬಂದಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಜಂಟಿ ಕೆಲಸದಿಂದ. ಒಂದೇ ಹೋರಾಟವನ್ನು ಆರು ತಿಂಗಳು ಒಟ್ಟಿಗೆ ನಡೆಸಿ ನೋಡಿ. ನಾಯಕರು ಕೈಕುಲುಕಿದ ಮಾತ್ರಕ್ಕೆ ಘಟಕಗಳು ಬೆಸೆಯುವುದಿಲ್ಲ. ಭಾರತದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷ (ಪಿಎಸ್‌ಪಿ) ಮತ್ತು ಲೋಹಿಯಾ ಅವರ ಸೋಷಲಿಸ್ಟ್ ಪಕ್ಷ ಸೇರಿ 1964ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷವಾಯಿತು. 1965ರಲ್ಲೇ ಒಂದು ಭಾಗ ಹೊರನಡೆದು ಪಿಎಸ್‌ಪಿಯನ್ನು ಮತ್ತೆ ಕಟ್ಟಿತು.

ಒಪ್ಪಿರುವುದು, ಒಪ್ಪದಿದ್ದರೂ ಸಹಿಸಬಹುದಾದದ್ದು, ಸಹಿಸಲಾಗದ್ದು ಎಂದು ಮೂರು ಪಟ್ಟಿ ಬರೆಯಿರಿ. ಮೂರನೆಯದು ಖಾಲಿಯಾಗದೆ ವಿಲೀನ ಬೇಡ. ಒಡಕಿನ ದಿನ ಯಾರು ಸರಿ ಇದ್ದರು ಎಂಬ ಪ್ರಶ್ನೆಯನ್ನು ಮಾತುಕತೆಯ ಷರತ್ತು ಮಾಡಬೇಡಿ. 1953ರಲ್ಲಿ ಒಡೆದಿದ್ದ, ಟ್ರಾಟ್ಸ್ಕಿ ಅನುಯಾಯಿಗಳ ವಿಶ್ವ ಸಂಘಟನೆಯಾದ ನಾಲ್ಕನೇ ಇಂಟರ್‌ನ್ಯಾಷನಲ್‌ನ ದೊಡ್ಡ ಭಾಗ 1963ರಲ್ಲಿ ಮತ್ತೆ ಒಂದಾಗಲು ಕ್ಯೂಬಾ ಕ್ರಾಂತಿಯ ಬಗ್ಗೆ ಎರಡೂ ಕಡೆಯ ನಿಲುವು ಹತ್ತಿರ ಬಂದದ್ದು ಮುಖ್ಯ ಕಾರಣ. ಅದನ್ನು ಒಪ್ಪದ ಬ್ರಿಟನ್ ಮತ್ತು ಫ್ರಾನ್ಸಿನ ಗುಂಪುಗಳು ಹೊರಗೇ ಉಳಿದವು.

ಹಣಕಾಸಿನ ಮಾತು ಎತ್ತಲು ಎಲ್ಲರಿಗೂ ಮುಜುಗರ, ಆದರೆ ಗಂಟು ಬೀಳುವುದು ಅಲ್ಲೇ. ಸಾಲ, ಪತ್ರಿಕೆಯ ಬಾಕಿ, ಬ್ಯಾಂಕ್ ಖಾತೆಯ ಸಹಿದಾರರು ಎಲ್ಲವನ್ನೂ ಮೊದಲೇ ಬರೆದಿಡಿ. ಕಳೆದ ಮೂರು ತಿಂಗಳ ಶುಲ್ಕ ಕಟ್ಟಿದವರನ್ನು ಮಾತ್ರ ಸದಸ್ಯರೆಂದು ಎಣಿಸಿ. ಇಲ್ಲದಿದ್ದರೆ ಸಮ್ಮೇಳನದಲ್ಲಿ ಹೆಚ್ಚು ಪ್ರತಿನಿಧಿಗಳಿಗಾಗಿ ಎರಡೂ ಕಡೆ ಹೆಸರು ತುಂಬಿಸುತ್ತಾರೆ.

ಪ್ರಶ್ನೆ: ಹೊಸ ಸಮಿತಿಯಲ್ಲಿ ಎರಡೂ ಕಡೆಗೆ ಸಮಪಾಲು ಇರಬೇಕೇ?

ಉತ್ತರ: ಮೊದಲ ಜಂಟಿ ಸಮ್ಮೇಳನದವರೆಗೆ ಇರಲಿ. ಅಲ್ಲಿಂದಾಚೆಗೆ ಚುನಾವಣೆಯೇ ಆಗಬೇಕು. ಸಮಪಾಲನ್ನು ಮುಂದುವರಿಸಿದರೆ ಒಂದೇ ಸೂರಿನಡಿ ಎರಡು ಸಂಘಟನೆಗಳು ಉಳಿದುಬಿಡುತ್ತವೆ.