ಆರ್ನೆಸನ್ ನೆನಪಿನ ಆಟದಲ್ಲಿ ಎಲ್ಲರೂ ಬೇಗ ಸಾಯುತ್ತಿದ್ದರೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವುದು ಒಬ್ಬೊಬ್ಬರೂ ಒಂದು ಪಾತ್ರವಾಗಿ ಸಾಹಸಕ್ಕೆ ಇಳಿಯುವ ಆಟ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ನೆನಪಿಗೆ ಅದರ 1974ರ ಮೊದಲ ಆವೃತ್ತಿ ಆಡಿಸಿದಾಗ ಮೊದಲ ಕೋಣೆಯಲ್ಲೇ ಎಲ್ಲರೂ ಸತ್ತರು ಅಂದಿರಿ. ಬಹುಶಃ ನಿಮ್ಮವರು ಹೊಸ ಆವೃತ್ತಿಯ ರೂಢಿಯಲ್ಲಿ ಕಂಡದ್ದಕ್ಕೆಲ್ಲ ಕತ್ತಿ ಎತ್ತಿದ್ದಾರೆ. ಹಳೆಯ ನಿಯಮದಲ್ಲಿ ಮೊದಲ ಹಂತದ ಮಾಂತ್ರಿಕನಿಗೆ ಇರುವುದು ಒಂದು ದಾಳದಷ್ಟು ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಅಂಕ. ಒಂದೇ ಏಟು ಸಾಕು.

ಪಾತ್ರವನ್ನು ಮೇಲಿನ ಹಂತಕ್ಕೇರಿಸುವ ಅನುಭವದ ಅಂಕ ಜಾಸ್ತಿ ಬರುವುದು ಕಾದಾಟದಿಂದಲ್ಲ, ಹೊತ್ತು ತಂದ ನಿಧಿಯಿಂದ ಅಂತ ಶುರುವಿನಲ್ಲೇ ಹೇಳಿಬಿಡಿ. ಆಮೇಲೆ ಯಾರಾದರೂ ಎದುರಾದಾಗ ಎರಡು ದಾಳ ಹಾಕಿ. ಕಡಿಮೆ ಬಿದ್ದರೆ ಅವರು ಮೇಲೆ ಬೀಳುತ್ತಾರೆ, ಜಾಸ್ತಿ ಬಿದ್ದರೆ ಮಾತಿಗೆ ಒಪ್ಪುತ್ತಾರೆ, ನಡುವೆ ಬಿದ್ದರೆ ನೀವೇ ತೀರ್ಮಾನಿಸಿ. ಈ ನಿಯಮ 1974ರ ಆಟದ ಪುಸ್ತಿಕೆಗಳಲ್ಲೇ ಇದೆ. ಜೊತೆಗೆ ನಾಲ್ಕು ಕೂಲಿ ಆಳುಗಳನ್ನೂ ಕೊಡಿ.

ಇನ್ನು ನೆನಪಿನ ಭಾಗ. ಭಾಷಣ ಬೇಡ. 1970ರ ದಶಕದ ಆರಂಭದಲ್ಲಿ ಮಿನೆಸೋಟಾದಲ್ಲಿ ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಕಲ್ಪನಾಲೋಕದ ಆಟ ಆಡಿಸುವಾಗ ಆರ್ನೆಸನ್ ಮಾಡಿದ ದೊಡ್ಡ ಕೆಲಸ ಯಾವುದು? ಯುದ್ಧದ ಆಟಗಳಲ್ಲಿ ಕೊಡುವ ಇಡೀ ಸೈನ್ಯದ ಬದಲು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು, ಅದನ್ನೇ ಆಟದಿಂದ ಆಟಕ್ಕೆ ಬೆಳೆಸಿದ್ದು. ಕೋಟೆಯ ಕೆಳಗಿನ ನೆಲಮಾಳಿಗೆಗೆ ಆಟಗಾರರನ್ನು ಇಳಿಸಿದ್ದೂ ಅವರೇ. ಆಟವನ್ನು ಜೊತೆಗೆ ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಇಲ್ಲದೆ ಪುಸ್ತಕ ಆಗುತ್ತಿರಲಿಲ್ಲ, ನಿಜ. ಆದರೆ ಆಟದ ಜೀವ ಈ ನೆಲಮಾಳಿಗೆಯಿಂದಲೇ ಬಂತು ಅಂತ ನಾನು ನಂಬುತ್ತೇನೆ.

ಹಾಗಾಗಿ ಒಂದೇ ಸಂಜೆಗೆ ಮುಗಿಸಬೇಡಿ. ಬದುಕುಳಿದವರ ಹಾಳೆ ಎತ್ತಿಟ್ಟುಕೊಂಡು ಮುಂದಿನ ವಾರ ಅಲ್ಲಿಂದಲೇ ಶುರುಮಾಡಿ. ಗುಂಪು ತುಂಬಾ ದೊಡ್ಡದಿದ್ದರೆ ಇದು ನಡೆಯುತ್ತದೆ ಅಂತ ಖಚಿತವಾಗಿ ಹೇಳಲಾರೆ. ಆಗ ಎರಡು ತಂಡ ಮಾಡಿ, ಎರಡಕ್ಕೂ ಅದೇ ಕೋಟೆ ಕೊಡಿ.